ವಾಪಸ್ ಬರೋ ಬಸ್ಸು

ನಮ್ಮಣ್ಣ ಕಾರು ತಗೊಂಡಿದ್ದು ಊರಿಗೆ ಬಸ್ಸಿಲ್ಲ ಅಂತಲ್ಲ. ಬಸ್ಸಿದೆ. ಬೆಳಿಗ್ಗೆ ಏಳೂ ಹತ್ತಕ್ಕೆ ಒಂದು, ಒಂಬತ್ತೂವರೆಗೆ ಇನ್ನೊಂದು. ತೀರ್ಥಹಳ್ಳಿಗೆ ಹೋಗಲಿಕ್ಕೆ ಯಾವ ತೊಂದರೆಯೂ ಇಲ್ಲ. ತೊಂದರೆ ಇರುವುದು ಬರಲಿಕ್ಕೆ. ಮಧ್ಯಾಹ್ನ ಮೂರೂಮುಕ್ಕಾಲಿಗೆ ಪೇಟೆ ಬಿಡುವ ಬಸ್ಸೇ ಇಷ್ಟು ದಿನ ಕೊನೆಯದು. ಅದು ತಪ್ಪಿದರೆ ಆಟೋ, ಇಲ್ಲಾ ಯಾರದ್ದಾದರೂ ಬೈಕಿನ ಹಿಂದೆ, ಇಲ್ಲಾ ಪೇಟೆಯ ನೆಂಟರ ಮನೆಯಲ್ಲಿ ಒಂದು ರಾತ್ರಿ.

ಅತ್ತಿಗೆಗೆ ಶುಗರ್ ಇದೆ. ಅವರು ತೋರಿಸಿಕೊಳ್ಳುವ ಡಾಕ್ಟರು ಕೂರುವುದೇ ಸಂಜೆ ಐದರ ಮೇಲೆ. ಟೋಕನ್ ತಗೊಂಡು, ಕಾದು, ತೋರಿಸಿ, ಮಾತ್ರೆ ತಗೊಂಡು ಹೊರಗೆ ಬರುವಾಗ ಏಳು ಗಂಟೆ. ಒಂದು ಸಲ ಜುಲೈ ತಿಂಗಳ ಮಳೆಯಲ್ಲಿ ಆಟೋದವನು 14 ಕಿಲೋಮೀಟರಿಗೆ ಏಳುನೂರು ರೂಪಾಯಿ ಕೇಳಿದ. ಅವನದ್ದೂ ತಪ್ಪಿಲ್ಲ, ಬರುವಾಗ ಖಾಲಿ ಬರಬೇಕಲ್ಲ. ಆದರೆ ಅಣ್ಣನ ಮನಸ್ಸಿಗೆ ಅದು ನಾಟಿಬಿಟ್ಟಿತು. ಆ ವರ್ಷ ಅಡಿಕೆಗೆ ಒಳ್ಳೆ ರೇಟೂ ಇತ್ತು. ದೀಪಾವಳಿ ಹೊತ್ತಿಗೆ ಅಂಗಳದಲ್ಲಿ ಬಿಳಿ ಕಾರು ನಿಂತಿತ್ತು, ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರ.

ಮೊದಲ ಆರು ತಿಂಗಳು ಅದು ಡಾಕ್ಟರ ಹತ್ತಿರ ಹೋಗಲಿಕ್ಕೆ ಮಾತ್ರ. ಆಮೇಲೆ ಮದುವೆ ಮುಂಜಿಗೆ. ಈಗ ಒಂದು ಕಿಲೋಮೀಟರ್ ದೂರದ ಸೊಸೈಟಿಯಿಂದ ಅಕ್ಕಿ ತರಲಿಕ್ಕೂ ಕಾರೇ. ಮನೆಗೆ ಬಂದ ಮೇಲೆ ಸುಮ್ನೆ ನಿಲ್ಲಿಸಿಡಲಿಕ್ಕೆ ಮನಸ್ಸು ಬರುತ್ತದಾ? ಇನ್ಶೂರೆನ್ಸ್ ಕಟ್ಟಿದ್ದಾಗಿದೆ, ಕಂತು ಹೋಗುತ್ತಾ ಇದೆ, ಇನ್ನು ಬಸ್ಸಿಗೆ ಬೇರೆ ದುಡ್ಡು ಯಾಕೆ ಕೊಡಬೇಕು ಅನ್ನುವುದು ಅಣ್ಣನ ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ.

ಟಿವಿಯಲ್ಲಿ ಯಾರಾದರೂ ಸೂಟು ಹಾಕಿಕೊಂಡವರು 'ಜನ ಕಾರು ಬಿಟ್ಟು ಸಾರ್ವಜನಿಕ ಸಾರಿಗೆ ಬಳಸಬೇಕು' ಅಂದಾಗೆಲ್ಲ ನನಗೆ ಅತ್ತಿಗೆ ನೆನಪಾಗುತ್ತಾರೆ. ಸಂಜೆ ಏಳು ಗಂಟೆ, ಒಂದು ಕೈಯಲ್ಲಿ ಮಾತ್ರೆ ಚೀಟಿ, ಇನ್ನೊಂದು ಕೈಯಲ್ಲಿ ಕೊಡೆ, ಬಸ್‌ಸ್ಟ್ಯಾಂಡಲ್ಲಿ ನಾಯಿ ಬಿಟ್ಟರೆ ಯಾರೂ ಇಲ್ಲ.

ನಾನು ಸಣ್ಣವಳಿದ್ದಾಗ ನಮ್ಮೂರಿಗೆ ಹಾಲ್ಟಿಂಗ್ ಬಸ್ಸು ಬರುತ್ತಿತ್ತು. ರಾತ್ರಿ ಎಂಟೂವರೆಗೆ ಬಂದು ಶಾಲೆ ಮೈದಾನದಲ್ಲಿ ನಿಂತು, ಬೆಳಿಗ್ಗೆ ಆರಕ್ಕೆ ಹೊರಡುವ ಬಸ್ಸು. ಅದು ಬರುವುದು ಮೊದಲು ಕಿವಿಗಲ್ಲ, ಕಣ್ಣಿಗೆ ಗೊತ್ತಾಗುತ್ತಿತ್ತು. ತಿರುವಿನಲ್ಲಿ ಲೈಟು ಹೊರಳಿದ ಕೂಡಲೇ ಅಡಿಕೆ ಮರಗಳ ನೆರಳು ನಮ್ಮನೆ ಜಗಲಿ ಗೋಡೆಯ ಮೇಲೆ ಎಡದಿಂದ ಬಲಕ್ಕೆ ಸಾಲಾಗಿ ಓಡಿ ಹೋಗುತ್ತಿತ್ತು. ಆಗ ಅಮ್ಮ ಒಳಗಿಂದ 'ಬಸ್ಸು ಬಂತು, ಬಾಳೆ ಹಾಕಿ' ಅನ್ನುತ್ತಿದ್ದಳು. ಊಟದ ಹೊತ್ತು ಗೊತ್ತಾಗುತ್ತಿದ್ದುದು ಗಡಿಯಾರದಿಂದ ಅಲ್ಲ, ಗೋಡೆ ಮೇಲಿನ ಆ ನೆರಳಿನಿಂದ. ಬಸ್ಸಿನಲ್ಲಿ ಜನ ಬರುತ್ತಿದ್ದರು ಸರಿ, ಅವರ ಜೊತೆ ಶಿವಮೊಗ್ಗದಲ್ಲಿ ಹೊಲಿಸಿದ ರವಿಕೆ, ದನದ ಔಷಧಿ, ರಿಪೇರಿಯಾದ ಪಂಪ್‌ಸೆಟ್, ಯಾರದ್ದೋ ಮಗಳು ಬಸುರಿ ಅನ್ನುವ ಸುದ್ದಿ, ಎಲ್ಲ ಬರುತ್ತಿತ್ತು. ಕಂಡಕ್ಟರು ಬಸ್ಸಿನೊಳಗೆ ಒಂದೇ ಒಂದು ದೀಪ ಉರಿಸಿಕೊಂಡು ಸೀಟಿನ ಮೇಲೆ ಚಿಲ್ಲರೆ ಸುರಿದು ಎಣಿಸುತ್ತಿದ್ದರು. ಡ್ರೈವರಿಗೆ ಮತ್ತು ಅವರಿಗೆ ಸ್ನಾನಕ್ಕೆ ಬಿಸಿನೀರು ನಮ್ಮ ಬಚ್ಚಲಿನಲ್ಲೇ. ಮಳೆಗಾಲದಲ್ಲಿ ಒಲೆ ಮುಂದೆ ಅವರ ಖಾಕಿ ಅಂಗಿ ಒಣಗುತ್ತಿತ್ತು.

ಹಳೇ ಕಾಲ ಚೆನ್ನಾಗಿತ್ತು ಅಂತ ಹಾಡಲಿಕ್ಕೆ ಇದನ್ನು ಹೇಳುತ್ತಿಲ್ಲ. ಆ ಬಸ್ಸಿನಲ್ಲಿ ಬೀಡಿ ಹೊಗೆ, ವಾಂತಿ, ಮಳೆಗೆ ಸೋರುವ ಟಾಪು, ನಿಂತೇ ಬರಬೇಕಾದ ಒಂದೂಕಾಲು ಗಂಟೆ, ಎಲ್ಲ ಇತ್ತು. ಆದರೂ ಒಂದಿತ್ತು. ಪೇಟೆಗೆ ಹೋದವರಿಗೆ ಎಷ್ಟು ಹೊತ್ತಾದರೂ ಮನೆಗೆ ಬರುವ ದಾರಿ ಇತ್ತು. ಅಷ್ಟು ಗೊತ್ತಿದ್ದರೆ ಸಾಕು, ಮನುಷ್ಯ ಗಾಡಿ ಬೇಕು ಅಂತ ಯೋಚನೆ ಮಾಡುವುದೇ ಇಲ್ಲ.

ಆ ಬಸ್ಸು ನಿಂತಿದ್ದೂ ಒಂದೇ ದಿನದಲ್ಲಲ್ಲ. ಮನೆಗೊಂದು ಬೈಕು ಬಂತು. ರಾತ್ರಿ ಟ್ರಿಪ್ಪಿಗೆ ನಲವತ್ತು ಜನ ಇದ್ದವರು ಇಪ್ಪತ್ತಾದರು, ಆಮೇಲೆ ಎಂಟು. ಕಲೆಕ್ಷನ್ ಡೀಸೆಲ್ಲಿಗೂ ಸಾಲದಾಯಿತು. ಮಾಲೀಕರು ಎಂಟೂವರೆಯದನ್ನು ಆರೂವರೆಗೆ ತಂದರು. ಆರೂವರೆಗೆ ಬರಲಾಗದವರು ಇನ್ನಷ್ಟು ಬೈಕು ತಗೊಂಡರು. ಕೊರೊನಾ ಹೊತ್ತಿಗೆ ಅದೂ ನಿಂತಿತು, ಮತ್ತೆ ಶುರುವಾಗಲೇ ಇಲ್ಲ. ಇದರಲ್ಲಿ ಖಳನಾಯಕರು ಯಾರೂ ಇಲ್ಲ ಮಾರಾಯ್ರೆ. ಎಲ್ಲರೂ ಅವರವರ ಮಟ್ಟಿಗೆ ಸರಿಯಾದದ್ದನ್ನೇ ಮಾಡಿದರು. ಕೊನೆಗೆ ಊರಿಗೆ ರಾತ್ರಿ ಬಸ್ಸಿಲ್ಲದೆ ಹೋಯಿತು, ಅಷ್ಟೇ.

ಈ ವಿಷಯ ನನ್ನ ತಲೆಯಲ್ಲಿ ಸರಿಯಾಗಿ ಕೂತಿದ್ದು ಮಾತ್ರ ಊರಿನಲ್ಲಲ್ಲ, ಹ್ಯೂಸ್ಟನ್‌ನಲ್ಲಿ.

2023ರಲ್ಲಿ ಮಗಳ ಬಾಣಂತನಕ್ಕೆ ಅಂತ ಅಲ್ಲಿಗೆ ಹೋಗಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇದ್ದೆ. ಮೂವತ್ತು ವರ್ಷ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡಿದವಳು ನಾನು, ಅಮೆರಿಕದ ಭೂಪಟ ಬೋರ್ಡ್ ಮೇಲೆ ಎಷ್ಟು ಸಲ ಬರೆದಿದ್ದೇನೋ. ಅಲ್ಲಿ ಹೋಗಿ ನೋಡಿದರೆ ಅಂಗಡಿಗೆ ನಡೆದು ಹೋಗಲಿಕ್ಕೆ ಬರುವುದಿಲ್ಲ! ಅಂಗಡಿ ಮನೆಯಿಂದ ಕಾಣುತ್ತದೆ. ಒಂದು ಕಿಲೋಮೀಟರ್ ಇರಬಹುದು. ನಡುವೆ ಆರು ಲೇನಿನ ರಸ್ತೆ, ಅರ್ಧ ದಾರಿಗೆ ಫುಟ್‌ಪಾತ್ ಮಾಯ, ಮುಂದೆ ಹುಲ್ಲು, ಆಮೇಲೆ ಕಾರು ನಿಲ್ಲಿಸುವ ಮೈದಾನ. ಆ ಮೈದಾನ ದಾಟುವುದೇ ನಮ್ಮ ಶಿವಮೊಗ್ಗದ ನೆಹರೂ ಸ್ಟೇಡಿಯಂ ದಾಟಿದ ಹಾಗೆ. ಮೊದಲ ವಾರ ಮೊಂಡು ಹಿಡಿದು ಹೊರಟೆ. ಒಂದು ದೊಡ್ಡ ಪಿಕಪ್ ಗಾಡಿ ಪಕ್ಕಕ್ಕೆ ಬಂದು ನಿಂತಿತು. ಒಳಗಿದ್ದ ಅಜ್ಜ ಕಿಟಕಿ ಇಳಿಸಿ, ಏನಾದರೂ ತೊಂದರೆಯಾಗಿದೆಯಾ, ಸಹಾಯ ಬೇಕಾ ಅಂತ ಕೇಳಿದ. ನಮ್ಮೂರಲ್ಲೂ ಗಾಡಿಯವರು ನಿಲ್ಲಿಸುತ್ತಾರೆ, 'ಎಲ್ಲಿಗೆ ಟೀಚರೇ, ಹತ್ತಿ' ಅಂತ. ಆದರೆ ನಡೆಯುವುದನ್ನೇ ಯಾರೂ ಕಾಯಿಲೆ ಅಂದುಕೊಳ್ಳುವುದಿಲ್ಲ.

ಮಗಳು ನಕ್ಕಳು. 'ಅಮ್ಮ, ಇಲ್ಲಿ ಕಾರಿಲ್ಲ ಅಂದ್ರೆ ಕಾಲಿಲ್ಲ ಅಂದ ಹಾಗೆ' ಅಂದಳು. ಅವಳಿಗೆ ಅದು ತಮಾಷೆ. ನನಗೆ ಆ ರಾತ್ರಿ ಯಾಕೋ ನಿದ್ದೆ ಬರಲಿಲ್ಲ.

ಒಂದು ಭಾನುವಾರ ಅಳಿಯ ಅವರೂರಿನ ದೊಡ್ಡ ರಸ್ತೆ ತೋರಿಸಲಿಕ್ಕೆ ಕರೆದುಕೊಂಡು ಹೋದ. ಕೇಟಿ ಫ್ರೀವೇ ಅಂತ ಹೆಸರು. ಪಕ್ಕದ ಸರ್ವಿಸ್ ರಸ್ತೆಯನ್ನೂ ಸೇರಿಸಿದರೆ ಕೆಲವು ಕಡೆ 26 ಲೇನು. ಇಪ್ಪತ್ತಾರು! ನಮ್ಮ ಬಿ.ಎಚ್. ರಸ್ತೆಯನ್ನು ಎಷ್ಟು ಸಲ ಪಕ್ಕಪಕ್ಕ ಜೋಡಿಸಿದರೆ ಅಷ್ಟಾಗುತ್ತದೋ ಲೆಕ್ಕ ಹಾಕಿ. ಟ್ರಾಫಿಕ್ ಜಾಸ್ತಿಯಾಯಿತು ಅಂತ ಸುಮಾರು 280 ಕೋಟಿ ಡಾಲರ್ ಖರ್ಚು ಮಾಡಿ ಅಗಲ ಮಾಡಿ, 2008ರಲ್ಲಿ ಮುಗಿಸಿದ್ದಾರೆ. ಜಾಗಕ್ಕಾಗಿ ಪಕ್ಕದಲ್ಲಿದ್ದ ಹಳೆಯ ರೈಲು ಹಳಿಯನ್ನೇ ಕಿತ್ತರಂತೆ. ಕೆಲವು ವರ್ಷ ಆರಾಮವಾಗಿ ಓಡಾಡಿದರು. ರಸ್ತೆ ಖಾಲಿ ಇದೆ ಅಂತ ಜನ ಇನ್ನೂ ದೂರ ದೂರ ಮನೆ ಕಟ್ಟಿದರು. 2011ರಿಂದ 2014ರ ನಡುವೆ ಸಂಜೆ ಮನೆಗೆ ಹೋಗುವ ಸಮಯ ಮತ್ತೆ ಸುಮಾರು ಅರ್ಧದಷ್ಟು ಏರಿತು. ನಾವು ಹೋದ ದಿನ ಭಾನುವಾರವೇ ಆದರೂ ಒಂದು ಕಡೆ ಇಪ್ಪತ್ತು ನಿಮಿಷ ನಿಂತೆವು. ಅಳಿಯ ಎಸಿ ಜಾಸ್ತಿ ಮಾಡಿದ. ನನಗೆ ನಮ್ಮ ಶಿವಮೊಗ್ಗ–ತಾಳಗುಪ್ಪ ಲೈನು ನೆನಪಾಯಿತು. ಅಲ್ಲಿ ಮೀಟರ್‌ಗೇಜ್ ಹಳಿ ಮೇಲೆ ಒಂದು ಸಣ್ಣ ರೈಲ್‌ಬಸ್ಸು ಓಡುತ್ತಿತ್ತು. ಅದನ್ನು ಮುಚ್ಚಿಬಿಡುತ್ತಾರೆ ಅಂತ ಎಷ್ಟು ವರ್ಷ ಹೆದರಿದ್ದೆವು. ಮುಚ್ಚಲಿಲ್ಲ, ಬ್ರಾಡ್‌ಗೇಜ್ ಮಾಡಿದರು. ಒಂದೊಂದು ಸಲ ನಾವೂ ಸರಿಯಾದ ಕೆಲಸ ಮಾಡುತ್ತೇವೆ.

ಆದರೆ ಹ್ಯೂಸ್ಟನ್‌ನಲ್ಲಿ ನಾನು ನೋಡಬೇಕಾಗಿದ್ದು ಆ ರಸ್ತೆಯನ್ನಲ್ಲ, ಬಸ್ಸನ್ನು. ಮಗಳ ಮನೆ ವೆಸ್ಟ್‌ಹೈಮರ್ ಅನ್ನುವ ಉದ್ದನೆಯ ರಸ್ತೆಯಿಂದ ಸ್ವಲ್ಪ ಒಳಗೆ. ಆ ರಸ್ತೆಯಲ್ಲಿ 82 ನಂಬರಿನ ಬಸ್ಸು ಓಡುತ್ತದೆ. ಮಗಳಿಗೆ ಅದರ ಬಗ್ಗೆ ಏನೂ ಗೊತ್ತಿರಲಿಲ್ಲ, ಎಂಟು ವರ್ಷದಲ್ಲಿ ಒಂದು ಸಲವೂ ಹತ್ತಿರಲಿಲ್ಲ. ಮಗುವಿಗೆ ಮೂರು ತಿಂಗಳಾಗಿ ನನ್ನ ಕೆಲಸ ಸ್ವಲ್ಪ ಹಗುರಾದ ಮೇಲೆ, ಎಲ್ಲರೂ ಬೇಡ ಅಂದರೂ ಕೇಳದೆ ಒಬ್ಬಳೇ ಹತ್ತಿದೆ. ಒಂದು ಡಾಲರ್ ಇಪ್ಪತ್ತೈದು ಸೆಂಟ್ ಟಿಕೆಟ್. ಕಂಡಕ್ಟರ್ ಇಲ್ಲ. ಇಳಿಯಬೇಕಾದರೆ ಕಿಟಕಿ ಪಕ್ಕದ ಹಗ್ಗ ಎಳೆಯಬೇಕು. ಗಾಲಿಕುರ್ಚಿಯಲ್ಲಿದ್ದ ಒಬ್ಬರಿಗಾಗಿ ಬಸ್ಸು ಆನೆಯ ಹಾಗೆ ಒಂದು ಕಡೆ ಮಂಡಿಯೂರಿತು. ಸಕ್ರೆಬೈಲಿನ ಕ್ಯಾಂಪಿನಲ್ಲಿ ಮಾವುತ ಹೇಳಿದಾಗ ಆನೆ ಕೂರುತ್ತದಲ್ಲ, ಥೇಟ್ ಹಾಗೇ. ಒಳಗೆ ಇದ್ದವರು ಯಾರು ಗೊತ್ತಾ? ಮನೆ ಕ್ಲೀನ್ ಮಾಡಲಿಕ್ಕೆ ಹೋಗುವ ಸ್ಪ್ಯಾನಿಷ್ ಮಾತಾಡುವ ಹೆಂಗಸರು, ಹೋಟೆಲ್ ಹುಡುಗರು, ಕಾಲೇಜು ಮಕ್ಕಳು, ನನ್ನಂಥ ಮುದುಕಿಯರು. ತೀರ್ಥಹಳ್ಳಿ ಬಸ್ಸಿನಲ್ಲಿ ಇರುವವರೇ, ಭಾಷೆ ಮಾತ್ರ ಬೇರೆ.

ಆ ಬಸ್ಸಿನ ಕಥೆ ಆಮೇಲೆ ಹುಡುಕಿ ಓದಿದೆ. ಮೊದಲು ಅಲ್ಲಿಯ ರೂಟುಗಳು ಹೆಚ್ಚಾಗಿ ನಗರದ ನಡುಮಧ್ಯಕ್ಕೇ ಹೋಗುತ್ತಿದ್ದವು. ವಾರದ ದಿನಗಳಲ್ಲಿ ಆಫೀಸಿನ ಹೊತ್ತಿಗೆ ಪರವಾಗಿಲ್ಲ, ಭಾನುವಾರ ದೇವರೇ ಗತಿ. 2015ರ ಆಗಸ್ಟ್ 16ರಂದು ಆ ಊರಿನವರು ಹಳೆಯ ರೂಟುಗಳನ್ನೆಲ್ಲ ಒಂದೇ ರಾತ್ರಿಯಲ್ಲಿ ಎತ್ತಿಹಾಕಿ ಹೊಸದಾಗಿ ಬರೆದರು. ಉದ್ದಕ್ಕೆ ಒಂದಿಷ್ಟು, ಅಡ್ಡಕ್ಕೆ ಒಂದಿಷ್ಟು, ಚೌಕಾಬಾರದ ಮನೆಗಳ ಹಾಗೆ. ಮುಖ್ಯವಾದ ರೂಟುಗಳಲ್ಲಿ 15 ನಿಮಿಷಕ್ಕೊಂದು ಬಸ್ಸು, ವಾರದ ಏಳೂ ದಿನ. ಬಸ್ಸು ಓಡಿಸುವ ಖರ್ಚು ಹೆಚ್ಚುಕಡಿಮೆ ಮೊದಲಿನಷ್ಟೇ. ಹೊಸ ರೈಲಿಲ್ಲ, ಮೇಲ್ಸೇತುವೆ ಇಲ್ಲ, ಇರುವ ಬಸ್ಸನ್ನೇ ಯಾವಾಗ ಎಲ್ಲಿ ಓಡಿಸಬೇಕು ಅಂತ ಕೂತು ಯೋಚನೆ ಮಾಡಿದರು. ಶನಿವಾರ ಭಾನುವಾರದ ಪ್ರಯಾಣಿಕರು ಬೇಗನೇ ಹೆಚ್ಚಾದರು. ಕೆಲವರಿಗೆ ಮನೆ ಮುಂದಿನ ಸ್ಟಾಪು ತಪ್ಪಿತು, ಅವರು ಬೈದರು. ಬೈಯಲೇಬೇಕು ಬಿಡಿ.

ನನಗೆ ಹಿಡಿಸಿದ್ದು ಆ ಭಾನುವಾರ. ಹೋಟೆಲಲ್ಲಿ ಪಾತ್ರೆ ತೊಳೆಯುವವನಿಗೆ ಭಾನುವಾರ ರಜೆ ಇಲ್ಲ, ಅವನ ಕೆಲಸ ಮುಗಿಯುವುದು ರಾತ್ರಿ. ಬೆಳಿಗ್ಗೆ ಎಂಟರ ಬಸ್ಸು ಎಷ್ಟೇ ಚೆನ್ನಾಗಿರಲಿ, ರಾತ್ರಿಯ ಬಸ್ಸಿಲ್ಲ ಅಂದರೆ ಅವನು ಬೆಳಿಗ್ಗೆಯೂ ಹತ್ತುವುದಿಲ್ಲ. ಎಲ್ಲಿಂದಲೋ ಸಾಲ ತಂದು ಹಳೇ ಕಾರು ತಗೊಳ್ಳುತ್ತಾನೆ. ಒಬ್ಬನಿಗೆ ಮರಳಿ ಬರುವ ಬಸ್ಸು ತಪ್ಪಿಸಿದರೆ ಹೋಗುವ ಬಸ್ಸಿಗೂ ಒಬ್ಬ ಗಿರಾಕಿ ಕಡಿಮೆ. ನಮ್ಮೂರಲ್ಲಿ ನಲವತ್ತು ಜನ ಎಂಟಾಗಿದ್ದು ಹೀಗೇ ಅಲ್ವಾ?

ಹಾಗಂತ ಹ್ಯೂಸ್ಟನ್ ಬದಲಾಗಿಬಿಟ್ಟಿದೆ ಅಂತೇನೂ ಇಲ್ಲ. ಸ್ಟಾಪಿನಲ್ಲಿ ನೆರಳಿರಲಿಲ್ಲ, ಆ ಬೇಸಿಗೆಯ ಬಿಸಿಲಿಗೆ ಕಬ್ಬಿಣದ ಬೆಂಚು ಮುಟ್ಟಲಾಗುತ್ತಿರಲಿಲ್ಲ. 2019ರಲ್ಲಿ ಅಲ್ಲಿಯ ಜನ ಸಾರಿಗೆಗೆ 350 ಕೋಟಿ ಡಾಲರ್ ಸಾಲ ಎತ್ತಲಿಕ್ಕೆ ಮತ ಹಾಕಿ ಒಪ್ಪಿಗೆ ಕೊಟ್ಟರು. ಅದರಲ್ಲಿ ದೊಡ್ಡದಾಗಿದ್ದ, ಬಸ್ಸಿಗೇ ಪ್ರತ್ಯೇಕ ದಾರಿ ಮಾಡುವ ಯೋಜನೆಯನ್ನು 2024ರಲ್ಲಿ ಬದಿಗಿಟ್ಟರು. ದುಡ್ಡಿದ್ದವರ ಊರಲ್ಲೂ ಹೀಗೇ.

ನಾನು ಅಲ್ಲಿದ್ದಾಗಲೇ ಇಲ್ಲಿ ಶಕ್ತಿ ಯೋಜನೆ ಶುರುವಾಯಿತು, 2023ರ ಜೂನ್ 11. ಅತ್ತಿಗೆ ವಾಟ್ಸಾಪಲ್ಲಿ ಫೋನು ಮಾಡಿ, 'ನಿಮಗೆ ಫ್ರೀ ಅಂತೆ ಮಾರಾಯ್ತಿ, ಶಿವಮೊಗ್ಗದವರಿಗೆ. ನಮಗೆ ಎಲ್ಲಿಯ ಸರ್ಕಾರಿ ಬಸ್ಸು?' ಅಂದರು. ನಮ್ಮ ಕಡೆ ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಬಯಲುಸೀಮೆಯಲ್ಲಿ ಹಳ್ಳಿಹಳ್ಳಿಗೆ ಕೆಂಪು ಬಸ್ಸು ಹೋಗುತ್ತದೆ. ಮಲೆನಾಡಿನ ಒಳದಾರಿಗಳಲ್ಲಿ ಮೊದಲಿನಿಂದಲೂ ಖಾಸಗಿ ಬಸ್ಸಿನವರದ್ದೇ ಓಡಾಟ ಜಾಸ್ತಿ. ಶಕ್ತಿ ಇರುವುದು ಸರ್ಕಾರಿ ಬಸ್ಸಿಗೆ ಮಾತ್ರ. ಹಾಗಾಗಿ 2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ 500 ಕೋಟಿ ಉಚಿತ ಪ್ರಯಾಣ ಆಯಿತು ಅಂತ ಸಂಭ್ರಮ ಮಾಡಿದಾಗ, ನಮ್ಮೂರಿನಿಂದ ತೋಟದ ಕೆಲಸಕ್ಕೆ ಪಕ್ಕದೂರಿಗೆ ಹೋಗುವ ಹೆಂಗಸರು ಅವತ್ತೂ ಪೂರ್ತಿ ಟಿಕೆಟ್ ದುಡ್ಡು ಕೊಟ್ಟೇ ಹೋಗಿದ್ದರು. ಯೋಜನೆ ಕೆಟ್ಟದ್ದು ಅನ್ನುತ್ತಿಲ್ಲ. ನನ್ನ ಗೆಳತಿಯರು ಎಷ್ಟೋ ಜನ ಗಂಡನ ಹತ್ತಿರ ದುಡ್ಡು ಕೇಳದೆ ಮನೆಯಿಂದ ಹೊರಗೆ ಬಿದ್ದಿದ್ದೇ ಅದು ಬಂದ ಮೇಲೆ. ಆದರೆ ಟಿಕೆಟ್ ಫ್ರೀ ಆದರೆ ಬಸ್ಸು ಬರುತ್ತದಾ? ಬಸ್ಸೇ ಇಲ್ಲದ ಊರಲ್ಲಿ ಫ್ರೀ ಟಿಕೆಟ್ ಅಂದರೆ ಕನ್ನಡಿಯೊಳಗಿನ ಗಂಟು.

ಬಸ್ಸಿನ ವಿಷಯ ಮಾತಾಡಿ ಕೊಪ್ಪದ ಸಹಕಾರ ಸಾರಿಗೆ ಬಗ್ಗೆ ಹೇಳದಿದ್ದರೆ ಆಗುತ್ತದಾ! ಒಂದು ಬಸ್ ಕಂಪನಿ ಬಾಗಿಲು ಹಾಕಿದಾಗ ಅಲ್ಲಿಯ ಕೆಲಸಗಾರರೇ ಒಟ್ಟಾಗಿ 1991ರಲ್ಲಿ ಕಟ್ಟಿದ ಸೊಸೈಟಿ ಅದು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ಕುಗಳೇ ಮಾಲೀಕರು. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆಯ ಕೊರಕಲು ದಾರಿಗಳಲ್ಲಿ ಬೇರೆಯವರು ಬಿಡದ ರೂಟುಗಳಿಗೂ ಬಿಟ್ಟರು, ಮಕ್ಕಳಿಗೆ ಕಡಿಮೆ ದುಡ್ಡಿನ ಪಾಸು ಕೊಟ್ಟರು. ನನ್ನ ಶಾಲೆಯ ಎಷ್ಟೋ ಹೆಣ್ಣುಮಕ್ಕಳು ಪಿಯುಸಿ ಮುಗಿಸಿದ್ದೇ ಆ ಪಾಸಿನಿಂದ. ಮೂವತ್ತು ವರ್ಷಕ್ಕೆ ಸ್ವಲ್ಪ ಕಮ್ಮಿ ಓಡಿತು. ಡೀಸೆಲ್ ರೇಟು, ಟ್ಯಾಕ್ಸು, ಕಮ್ಮಿಯಾದ ಜನ, ಎಲ್ಲ ಸೇರಿ 2020ರ ಫೆಬ್ರವರಿಯಲ್ಲಿ ನಿಂತಿತು. ಆ ವಾರ ನಮ್ಮ ಕಡೆ ಸತ್ತ ಮನೆಯ ಹಾಗಿತ್ತು. ಅದನ್ನು ಉಳಿಸಿ ಅಂತ ಸ್ಟೇಟಸ್ ಹಾಕಿದವರಲ್ಲಿ ಅರ್ಧ ಜನ ವರ್ಷದಿಂದ ಬಸ್ಸೇ ಹತ್ತಿರಲಿಲ್ಲ. ನಾನೂ ಸ್ಟೇಟಸ್ ಹಾಕಿದ್ದೆ. ನಾನೂ ಹತ್ತಿರಲಿಲ್ಲ.

ಹೌದು, ನನ್ನದನ್ನೂ ಹೇಳಿಬಿಡುತ್ತೇನೆ. ನಾವಿರುವುದು ಶಿವಮೊಗ್ಗದ ವಿನೋಬನಗರದಲ್ಲಿ. ನಲವತ್ತೈದನೇ ವಯಸ್ಸಲ್ಲಿ ಸ್ಕೂಟಿ ಕಲಿತೆ. ಕಲಿತ ದಿನ ರೆಕ್ಕೆ ಬಂದ ಹಾಗಾಗಿತ್ತು, ಆ ಖುಷಿಯನ್ನು ನಾನು ಯಾವ ಪರಿಸರದ ಭಾಷಣಕ್ಕೂ ಬಿಟ್ಟುಕೊಡುವುದಿಲ್ಲ. ಆದರೆ ಗಾಂಧಿಬಜಾರಿಗೆ ಹೋಗಿ ಅರ್ಧ ಕೆಜಿ ಬೆಂಡೆಕಾಯಿ ತರಲಿಕ್ಕೂ ಸ್ಕೂಟಿ ಅಂದರೆ ಹೆಂಗೆ? ಹೋಗಲಿಕ್ಕೆ ಹತ್ತು ನಿಮಿಷ, ನಿಲ್ಲಿಸಲಿಕ್ಕೆ ಜಾಗ ಹುಡುಕಲಿಕ್ಕೆ ಹದಿನೈದು. ಹೊಸ ಫುಟ್‌ಪಾತ್ ಹಾಕಿದ್ದಾರೆ, ಅದರ ಮೇಲೆ ಸಾಲಾಗಿ ಬೈಕು. ಬೈಕಿನವರನ್ನು ಬೈಯುತ್ತಾ ಒಂದು ದಿನ ನೋಡುತ್ತೇನೆ, ನನ್ನ ಸ್ಕೂಟಿಯೂ ಅಲ್ಲೇ ಇದೆ. ಹ್ಯೂಸ್ಟನ್ ಕಾರಿನ ಊರು, ಶಿವಮೊಗ್ಗ ಸ್ಕೂಟರಿನ ಊರು, ಅಷ್ಟೇ ವ್ಯತ್ಯಾಸ. ಕಾರೂ ಬರುತ್ತಾ ಇದೆ.

ಅಳಿಯನ ಹತ್ತಿರ ಇದಕ್ಕೆಲ್ಲ ಉತ್ತರ ಇದೆ. ಎಲ್ಲ ಎಲೆಕ್ಟ್ರಿಕ್ ಆಗುತ್ತದೆ ಅತ್ತೆ, ಯೋಚನೆ ಮಾಡಬೇಡಿ ಅನ್ನುತ್ತಾನೆ. ಹೊಗೆ ಹೋಗುತ್ತದೆ, ಒಪ್ಪಿದೆ. ಶಬ್ದವೂ ಇಲ್ಲ. ಆದರೆ ಕರೆಂಟಿನ ಕಾರೂ ಅಷ್ಟೇ ಅಗಲ ಇರುತ್ತದೆ, ಅದಕ್ಕೂ ನಿಲ್ಲಲಿಕ್ಕೆ ಅಷ್ಟೇ ಜಾಗ ಬೇಕು. ಇನ್ನು ಕರೆಂಟು ಎಲ್ಲಿಂದ ಬರುತ್ತದೆ ಅಂತ ನಮ್ಮ ಜಿಲ್ಲೆಯವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಲಿಂಗನಮಕ್ಕಿ ಕಟ್ಟಿ ಊರು ಮುಳುಗಿಸಿದ್ದು 1964ರಲ್ಲಿ, ಈಗ ಅದೇ ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟಿನ ಇನ್ನೊಂದು ಯೋಜನೆ ಅಂತ ಗಲಾಟೆ ನಡೆಯುತ್ತಿದೆ. ಐವತ್ತು ಜನ ಕೂರುವ ಬಸ್ಸಿಗೆ ಆ ಕರೆಂಟು ಹಾಕಿ, ನಾನು ಬೇಡ ಅನ್ನುವುದಿಲ್ಲ. ಒಬ್ಬೊಬ್ಬರೇ ಕೂತು ಹೋಗುವ ಐವತ್ತು ಕಾರಿಗೆ ಹಾಕುತ್ತೀರಿ ಅಂದರೆ ಲಿಂಗನಮಕ್ಕಿ ಹಿನ್ನೀರಿನಾಚೆಯ ತುಮರಿ ಕಡೆಯವರನ್ನು ಒಂದು ಮಾತು ಕೇಳಿ.

ತುಮರಿ ಅಂದ ಕೂಡಲೇ ಸೇತುವೆ ನೆನಪಾಗುತ್ತದೆ. 2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯಿತು, 2.44 ಕಿಲೋಮೀಟರ್ ಉದ್ದ. ಪೇಟೆಯ ನನ್ನ ಕೆಲವು ಸ್ನೇಹಿತರು ಅಯ್ಯೋ ಹಿನ್ನೀರು ದಾಟಿಸುತ್ತಿದ್ದ ಲಾಂಚ್ ಹೋಯಿತಲ್ಲ, ಎಷ್ಟು ಚೆಂದ ಇತ್ತು ಅಂತ ಫೋಟೋ ಹಾಕಿ ಕಣ್ಣೀರಿಟ್ಟರು. ಅವರು ಲಾಂಚ್ ಹತ್ತಿದ್ದು ಸಿಗಂದೂರಿಗೆ ಹೋಗುವಾಗ, ವರ್ಷಕ್ಕೊಮ್ಮೆ, ಹಗಲಲ್ಲಿ. ಕತ್ತಲಾದ ಮೇಲೆ ಲಾಂಚ್ ಇರಲಿಲ್ಲ. ಆಕಡೆಯವರಿಗೆ ಹೆರಿಗೆ ನೋವು, ಹಾವು ಕಡಿತ ಎಲ್ಲ ಕೊನೆಯ ಲಾಂಚಿನ ಒಳಗೇ ಆಗಬೇಕಿತ್ತು. ಸುಮಾರು ಅರವತ್ತು ವರ್ಷ ಹಾಗೆ ಬದುಕಿದವರಿಗೆ ಸೇತುವೆ ಯಾಕೆ ಅಂತ ಕೇಳುವ ಬಾಯಿ ನನಗಿಲ್ಲ. ಸೇತುವೆ ಮೇಲೆ ರಾತ್ರಿ ಒಂದು ಬಸ್ಸೂ ಓಡಲಿ ಅಂತ ಮಾತ್ರ ನನ್ನ ಆಸೆ.

ಹ್ಯೂಸ್ಟನ್‌ನಿಂದ ವಾಪಸ್ ಬಂದ ದಿನದ್ದು ಹೇಳಬೇಕು. ಶಿವಮೊಗ್ಗಕ್ಕೆ ವಿಮಾನ ಶುರುವಾಗಿ ಇನ್ನೂ ತಿಂಗಳಾಗಿರಲಿಲ್ಲ, 2023ರ ಆಗಸ್ಟ್ 31ಕ್ಕೆ ಮೊದಲನೆಯದು ಇಳಿದಿದ್ದು. ನಾನೂ ದೊಡ್ಡಸ್ತಿಕೆಯಲ್ಲಿ ಬೆಂಗಳೂರಿಂದ ಸೋಗಾನೆಗೆ ಅದರಲ್ಲೇ ಬಂದೆ. ಮಗ್ಗುಲಾಗುವಷ್ಟರಲ್ಲಿ ಕೆಳಗೆ ತುಂಗೆ, ಗದ್ದೆ, ಅಡಿಕೆ ತೋಟ. ಮನೆಗೆ ಹೋಗಿ, ಸ್ನಾನ ಮಾಡಿ, ಎರಡು ದಿನ ಮಲಗಿ, ಮೂರನೇ ದಿನ ಅಣ್ಣನನ್ನು ನೋಡಲಿಕ್ಕೆ ಹೊರಟೆ. ಗಾಜನೂರು, ಮಂಡಗದ್ದೆ ದಾಟಿ ತೀರ್ಥಹಳ್ಳಿಯಲ್ಲಿ ಇಳಿದಾಗ ನಾಲ್ಕೂಕಾಲು. ಮೂರೂಮುಕ್ಕಾಲಿನದು ಹೋಗಿತ್ತು. ಭೂಮಿಯ ಆಕಡೆಯಿಂದ ಇಲ್ಲಿಯವರೆಗೆ ಒಂದಲ್ಲ ಒಂದು ವಾಹನ ಹೊಂದಿಕೊಂಡಿತು. ಕೊನೆಯ 14 ಕಿಲೋಮೀಟರಿಗೆ ಏನೂ ಇಲ್ಲ. ಅಣ್ಣನಿಗೆ ಫೋನು ಮಾಡಿದೆ. ಬಿಳಿ ಕಾರು ಬಂತು. ಬಿಟ್ಟಿ ಉಪದೇಶ ಮಾಡಬೇಕು ಅಂದುಕೊಂಡಿದ್ದವಳು ಸುಮ್ಮನೆ ಮುಂದಿನ ಸೀಟಲ್ಲಿ ಕೂತು ಬೆಲ್ಟ್ ಹಾಕಿಕೊಂಡೆ.

ಬೇರೆ ಕಡೆ ಏನೇನೋ ನಡೆದಿದೆ. ಹುಬ್ಬಳ್ಳಿ–ಧಾರವಾಡದ ನಡುವೆ 22 ಕಿಲೋಮೀಟರು ಚಿಗರಿ ಬಸ್ಸಿಗೇ ಅಂತ ಪ್ರತ್ಯೇಕ ದಾರಿ, 2018ರಿಂದ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ಸಿಗೆ ಒಂದು ಲೇನು ಬಿಟ್ಟರು, ಆಮೇಲೆ ಮೆಟ್ರೋ ಕೆಲಸದಲ್ಲಿ ಅದು ಕರಗಿಹೋಯಿತು. ಮೈಸೂರಿನಲ್ಲಿ 2017ರಲ್ಲಿ ಬಾಡಿಗೆ ಸೈಕಲ್ಲು ಟ್ರಿಣ್ ಟ್ರಿಣ್ ಅಂತ ಬಂತು. ಒಳ್ಳೆಯದೇ ಎಲ್ಲ. ನಮ್ಮದು ಅಷ್ಟು ದೊಡ್ಡ ವಿಷಯವಲ್ಲ. ದಿನಕ್ಕೆ ಒಂದು ಟ್ರಿಪ್ಪು.

ಈ ಸಲ ಸಂಕ್ರಾಂತಿಗೆ ಊರಿಗೆ ಹೋದಾಗ ಸ್ತ್ರೀಶಕ್ತಿ ಸಂಘದ ಹೆಂಗಸರು ಕೂತು ಒಂದು ಲೆಕ್ಕ ಹಾಕಿದ್ದರು. ಪೇಟೆಗೆ ಕೆಲಸಕ್ಕೆ ಹೋಗುವವರು ಎಷ್ಟು, ಬಟ್ಟೆ ಅಂಗಡಿಯ ಹುಡುಗಿಯರು ಎಷ್ಟು, ಟ್ಯೂಷನ್ ಮಕ್ಕಳು ಎಷ್ಟು, ಡಾಕ್ಟರಿಗೆ ಹೋಗುವವರು ವಾರಕ್ಕೆ ಎಷ್ಟು. ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹೆಸರು, ಮುಂದೆ ಗೀಟು. ಇಪ್ಪತ್ತಮೂರು ಜನ ಆದರು. ಅದನ್ನು ಹಿಡಿದುಕೊಂಡು ಅತ್ತಿಗೆ ಮತ್ತು ಇನ್ನಿಬ್ಬರು ಬಸ್‌ಸ್ಟ್ಯಾಂಡಿನ ಏಜೆಂಟರ ಹತ್ತಿರ ಹೋದರು. ತಿಂಗಳಿಗೆ ಮುಂಚೆಯೇ ದುಡ್ಡು ಕೊಡುತ್ತೇವೆ, ಏಳೂಕಾಲಿಗೆ ಒಂದು ಟ್ರಿಪ್ಪು ಬಿಡಿ. ಏಜೆಂಟರು ನಕ್ಕರು. 'ಅಕ್ಕಾ, ಎಲ್ಲ ಹೀಂಗೇ ಹೇಳ್ತಾರೆ, ಮಳೆ ಬಂದ ದಿನ ಎಲ್ಲರೂ ಗಂಡನ ಬೈಕಲ್ಲಿ ಹೋಗ್ತಾರೆ' ಅಂದರು. ಅತ್ತಿಗೆ ಪರ್ಸಿನಿಂದ ದುಡ್ಡು ತೆಗೆದು ಟೇಬಲ್ ಮೇಲಿಟ್ಟರು. ಕಾರಿರುವ ಮನೆಯವರೇ ದುಡ್ಡಿಟ್ಟಿದ್ದು ನೋಡಿ ಅವರಿಗೆ ಏನನ್ನಿಸಿತೋ, ಮಾಲೀಕರಿಗೆ ಫೋನು ಹಚ್ಚಿದರು. ಒಂದು ತಿಂಗಳು ನೋಡೋಣ, ಮಿನಿ ಬಸ್ಸು ಬಿಡುತ್ತೇವೆ, ಕಲೆಕ್ಷನ್ ಬರದಿದ್ದರೆ ನಿಲ್ಲಿಸುತ್ತೇವೆ ಅಂತ ಮಾತಾಯಿತು.

ಅಣ್ಣನಿಗೆ ಇದು ಇಷ್ಟವಿರಲಿಲ್ಲ. 'ಕಾರು ಎಂತಕ್ಕೆ ಇದೆ ಹಾಗಾದ್ರೆ?' ಅಂತ ಕೇಳಿದನಂತೆ. 'ನೀವು ಎಪ್ಪತ್ತಾದ ಮೇಲೂ ರಾತ್ರಿ ಓಡಿಸ್ತೀರಾ?' ಅಂತ ಅತ್ತಿಗೆ ಕೇಳಿದರಂತೆ. ಅವನಿಗೀಗ ಅರವತ್ತೆಂಟು. ಎದುರಿನ ಗಾಡಿಯ ಲೈಟು ಕಣ್ಣಿಗೆ ಹೊಡೆಯುತ್ತದೆ ಅಂತ ಅವನೇ ಆಗಾಗ ಹೇಳುತ್ತಾನೆ.

ಶುರುವಾಗಿ ಹನ್ನೊಂದನೇ ದಿನ ನಾನು ಆ ಬಸ್ಸು ಹತ್ತಿದೆ. ಬೇಕಂತಲೇ ಸಂಜೆ ಹೊರಟಿದ್ದೆ. ಏಳೂಕಾಲಿಗೆ ಬಿಡಬೇಕಾದ್ದು ಏಳೂವರೆಗೆ ಬಿಟ್ಟಿತು. ನನ್ನನ್ನೂ ಸೇರಿಸಿ ಹತ್ತೊಂಬತ್ತು ಜನ, ಹಿಂದಿನ ಸೀಟಿನಲ್ಲಿ ಎರಡು ಮೂಟೆ ಹಿಂಡಿ, ಡ್ರೈವರ್ ಪಕ್ಕ ಒಂದು ಹೊಸ ಮಿಕ್ಸಿ. ಬಟ್ಟೆ ಅಂಗಡಿಯ ಹುಡುಗಿಯರು ಚಪ್ಪಲಿ ಬಿಚ್ಚಿ ಕಾಲು ಮೇಲೆ ಮಾಡಿಕೊಂಡು ಕೂತಿದ್ದರು. ದಿನವಿಡೀ ನಿಂತ ಕಾಲು. ಕಂಡಕ್ಟರು ಚಿಕ್ಕ ಹುಡುಗ, ಹಳೇ ರೂಟು ಗೊತ್ತಿಲ್ಲ, ಯಾವ ಸ್ಟಾಪು ಎಲ್ಲಿ ಅಂತ ಇವರೇ ಹೇಳಿಕೊಡುತ್ತಿದ್ದರು. ಒಬ್ಬಳು ಹುಡುಗಿಯ ಮನೆ ಮುಂದೆ ಸ್ಟಾಪಿಲ್ಲ. ಆದರೂ ಎಲ್ಲರೂ ಒಟ್ಟಿಗೆ 'ಹೋಲ್ಡಾನ್' ಅಂದರು, ಬಸ್ಸು ನಿಂತಿತು, ಅವಳು ಅಂಗಳದ ಬಾಗಿಲು ತೆಗೆಯುವವರೆಗೆ ಡ್ರೈವರು ಲೈಟು ಆ ಕಡೆಗೇ ಬಿಟ್ಟುಕೊಂಡಿದ್ದರು.

ತಿರುವಿನಲ್ಲಿ ಬಸ್ಸು ಹೊರಳಿತು. ನಮ್ಮ ತೋಟದ ಅಡಿಕೆ ಮರಗಳು ಲೈಟಿನಲ್ಲಿ ಒಂದೊಂದಾಗಿ ಎದ್ದು ನಿಂತು ಹಿಂದೆ ಸರಿದವು. ಬಸ್ಸಿನೊಳಗಿಂದ ನೋಡಿದರೆ ಮನೆ ಗೋಡೆ ಕಾಣಲಿಲ್ಲ. ಅಲ್ಲಿ ಈಗ ಕಾಂಪೌಂಡ್ ಕಟ್ಟಿದ್ದಾರೆ.

ಕ್ರಾಸಿನಲ್ಲಿ ಇಳಿದೆ. ಅಲ್ಲಿಂದ ಮನೆಗೆ ಒಂದು ಕಿಲೋಮೀಟರ್ ಇಲ್ಲ, ಟಾರ್ಚ್ ತಂದಿದ್ದೆ. ಕತ್ತಲೆಯಲ್ಲಿ ಯಾರೋ ಹಾರ್ನ್ ಹೊಡೆದರು. ಅಣ್ಣ ಕಾರು ತಂದು ನಿಲ್ಲಿಸಿಕೊಂಡಿದ್ದ.

'ಬಸ್ಸಲ್ಲಿ ಎಷ್ಟು ಜನ ಇದ್ದರು?' ಅಂತ ಕೇಳಿದ.